ಕರಿಕೋಟಿನ ಮೂರನೆಯ ಗುಂಡಿ

ಬಾಗಿಲು ತೆರೆದವನ ಕರಿಕೋಟಿನಲ್ಲಿ ಮೂರನೆಯ ಗುಂಡಿ ಇರಲಿಲ್ಲ.

ಆದಿಲಕ್ಷ್ಮಿ ಮೊದಲು ನೋಡಿದ್ದು ಅವನ ಮುಖವನ್ನಲ್ಲ, ಆ ಖಾಲಿ ಜಾಗವನ್ನು. ಅವಳ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ, ಕೆಳಗೆ ರಸೆಲ್ ಮಾರುಕಟ್ಟೆಯಲ್ಲಿ ಕುಂಬಳಕಾಯಿ ತೂಗುತ್ತಿದ್ದವನ ತಕ್ಕಡಿ ಅಲ್ಲಾಡಿಹೋಯಿತು. ನಂಬದವರು ನಂಬಬೇಡಿ. ಆವತ್ತು ಕುಂಬಳಕಾಯಿ ಕೊಂಡವರು ಮಾತ್ರ ಈಗಲೂ ಆ ತೂಕದ ಬಗ್ಗೆ ಗೊಣಗುತ್ತಾರೆ.

"ಆದೀ..." ಎಂದ ಲಾಯರ್ ಅಂಜನಮೂರ್ತಿ.

"ಆದಿಲಕ್ಷ್ಮಿ ಅನ್ನಿ, ಲಾಯರ್ ಸಾಹೇಬ್ರೇ. ಕೇಸಿನ ಮೇಲೆ ಬಂದಿದ್ದೀನಿ."

ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ಎತ್ತಿ ನೆಲಕ್ಕಿಟ್ಟ. ಆಮೇಲೆ ಏನು ಮಾಡಬೇಕೆಂದು ತೋಚದೆ ಅವೇ ಪುಸ್ತಕಗಳನ್ನು ಮತ್ತೆ ಕುರ್ಚಿಯ ಮೇಲಿಟ್ಟ! ಎಂಥೆಂಥ ಇನ್‌ಸ್ಪೆಕ್ಟರುಗಳನ್ನು ಕಟಕಟೆಯಲ್ಲಿ ನಿಲ್ಲಿಸಿ ಬೆವರಿಳಿಸಿದ ಗಂಡಸು, ಒಬ್ಬ ಹೆಣ್ಣಿಗೆ ಕೂರಲು ಜಾಗ ತೋರಿಸಲಾರದೆ ನಿಂತಿದ್ದ.

ಅವಳು ನಿಂತೇ ಹೇಳಿದಳು.

ಅದು ಯುದ್ಧದ ಕಾಲ. ಪೆಟ್ರೋಲೆಂಬುದು ಅಮೃತಕ್ಕಿಂತ ಅಪರೂಪ. ಬಸ್ಸುಗಳ ಬೆನ್ನಿಗೆ ಆಳೆತ್ತರದ ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಹೊಗೆಯಿಂದಲೇ ಎಂಜಿನ್ನು ಓಡಿಸುತ್ತಿದ್ದರು. ಅವಳ ತಮ್ಮ ಮುನಿರಾಜಪ್ಪ ಅಂಥದೊಂದು ಇದ್ದಿಲು ಬಸ್ಸಿನ ಡ್ರೈವರು. ಹಲಸೂರಿನಿಂದ ಜನರನ್ನು ತುಂಬಿಕೊಂಡು ಕೃಷ್ಣರಾಜಪುರಕ್ಕೆ ಹೋಗಿ ಬರುವುದು ಅವನ ಕೆಲಸ. ಹೋದ ಮಂಗಳವಾರ ಬೆಳಿಗ್ಗೆ ಆ ಬಸ್ಸು ರಸ್ತೆ ಬಿಟ್ಟು, ಬಿಳಿ ದೊರೆಯೊಬ್ಬರ ಬಂಗಲೆಯ ಬೇಲಿ ಮುರಿದು ಒಳಗೆ ನುಗ್ಗಿ, ತೋಟದ ಗುಲಾಬಿ ಗಿಡಗಳನ್ನೆಲ್ಲ ಟಿಕೆಟ್ಟಿಲ್ಲದೆ ಹತ್ತಿಸಿಕೊಂಡಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ. ಆದರೆ ಕೆಳಗಿಳಿದ ಮುನಿರಾಜಪ್ಪ ತೂರಾಡುತ್ತಿದ್ದ. ಅಂಗಿಯಿಂದ ಸಾರಾಯಿಯ ವಾಸನೆ ಹೊಡೆಯುತ್ತಿತ್ತು.

ಕುಡಿದು ಓಡಿಸಿದ ಆರೋಪ. ಸಾಬೀತಾದರೆ ಜೈಲು, ಲೈಸೆನ್ಸು ಶಾಶ್ವತವಾಗಿ ರದ್ದು. ಕಾಲಿಲ್ಲದ ಅಪ್ಪ, ಮಿಲಿಟರಿ ಅಂಗಿಗಳಿಗೆ ಗುಂಡಿ ಹೊಲಿಯುವ ಅಕ್ಕ, ಇಬ್ಬರ ಅನ್ನವೂ ಆ ಸ್ಟೇರಿಂಗಿನ ಮೇಲೆಯೇ ನಿಂತಿತ್ತು.

ಹಾಗಂತ ಅವಳು ನೆಟ್ಟಗೆ ಇಲ್ಲಿಗೇ ಬಂದವಳಲ್ಲ. ಮೊದಲು ಹೋದದ್ದು ದಂಡು ಪ್ರದೇಶದ ಮಹಾ ದೊಡ್ಡ ಬ್ಯಾರಿಸ್ಟರ ಬಳಿಗೆ. ಅವರ ಮೀಸೆಯ ಒಂದು ತುದಿ ಶಿವಾಜಿನಗರದಲ್ಲಿದ್ದರೆ ಇನ್ನೊಂದು ತುದಿ ಹಲಸೂರಿನಲ್ಲಿರುತ್ತಿತ್ತು. ಅವಳು ಬಾಯಿ ತೆರೆಯುವ ಮೊದಲೇ ಅವರು, ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡಿ ಎಂದರು. ಎರಡನೆಯವರು ಸಾಕ್ಷಿಗಳ ಹೆಸರು ಕೇಳಿ, ಅವರಲ್ಲಿ ಯಾರ್‍ಯಾರು ಕೊಂಡುಕೊಳ್ಳಬಹುದಾದವರು ಎಂದು ವಿಚಾರಿಸಿದರು. ನಿನ್ನ ತಮ್ಮ ನಿಜವಾಗಿ ಕುಡಿದಿದ್ದನೇ ಎಂದು ಇಬ್ಬರೂ ಕೇಳಲಿಲ್ಲ.

ಅಪ್ಪ ಚಲುವಯ್ಯ ಮಾತ್ರ ಮೊದಲ ದಿನದಿಂದ ಒಂದೇ ಹೆಸರು ಹಿಡಿದು ಕೂತಿದ್ದ. ಕುಡುಕ ಡ್ರೈವರುಗಳ ಕೇಸಿಗೆ ಅಂಜನಮೂರ್ತಿಯನ್ನು ಬಿಟ್ಟರೆ ಈ ಊರಲ್ಲಿ ಲಾಯರಿಲ್ಲ, ಅವನ ಹತ್ತಿರವೇ ಹೋಗು.

ಅವಳಿಗೆ ಅರ್ಥವಾಗದೆ ಇದ್ದದ್ದು ಅದೇ. ಅಪ್ಪನ ಕಾಲಿಗೆ ನ್ಯಾಯ ಸಿಗದಂತೆ ಮಾಡಿದವನೇ ಅಂಜನಮೂರ್ತಿಯಲ್ಲವೇ?

ಅಂಜನಮೂರ್ತಿ ಅವಳ ಮಾತು ಮುಗಿಯುವವರೆಗೆ ಕೇಳಿದ. ಆಮೇಲೆ ಕೇಳಿದ್ದು ವಿಚಿತ್ರ ಪ್ರಶ್ನೆಗಳು. ಆವತ್ತು ಬೆಳಿಗ್ಗೆ ಚಳಿ ಇತ್ತೇ? ಬಸ್ಸಿನ ಕಿಟಕಿಗಳ ಕ್ಯಾನ್ವಾಸು ಇಳಿಬಿಟ್ಟಿದ್ದರೇ? ತಮ್ಮನಿಗೆ ತಲೆನೋವು, ವಾಂತಿ? ಹಿಂದಿನ ಸೀಟಿನವರಿಗೂ ತಲೆ ಸುತ್ತಿತ್ತೇ?

"ಕುಡಿದಿದ್ನಾ ಅಂತ ಕೇಳಲ್ವಾ?" ಎಂದಳು ಅವಳು.

"ಅದನ್ನೇ ಕೇಳ್ತಾ ಇರೋದು. ನಾಳೆ ಬಸ್ಸು ನೋಡ್ಬೇಕು. ನೀನೂ... ನೀವೂ ಬನ್ನಿ."

ಮೆಟ್ಟಿಲಿಳಿಯುವಾಗ ಅವಳ ಕಣ್ಣು ತುಂಬಿತ್ತು. *ಇವನು ನನ್ನನ್ನು ನೀವು ಅನ್ನೋ ಹಾಗಾಯ್ತಲ್ಲ...*

ಇವರಿಬ್ಬರ ಪ್ರೀತಿಯ ಬಗ್ಗೆ ಹೇಳದಿದ್ದರೆ ಕಥೆಗೆ ಅವಮಾನ. ಅವಳಿಗೆ ಅವನ ಮೇಲಿದ್ದ ಪ್ರೀತಿಯನ್ನು ಸುರಿದಿದ್ದರೆ ಹಲಸೂರು ಕೆರೆ ಕೋಡಿ ಬಿದ್ದು ದೊರೆಗಳ ಬಂಗಲೆಗಳೆಲ್ಲ ತೇಲಿಹೋಗುತ್ತಿದ್ದವು. ಕೆಲವು ವರ್ಷಗಳ ಹಿಂದೆ ಎರಡೂ ಮನೆಯವರು ಎಲೆಅಡಿಕೆ ಬದಲಿಸಿ ಮಾತು ಮುಗಿಸಿದ್ದರು. ಅವನು ಮೊದಲ ಸಲ ಕೋರ್ಟಿಗೆ ಹೋಗುವ ಹಿಂದಿನ ದಿನ, ಹಳೆಯ ಕೋಟಿಗೆ ಹೊಸ ಗುಂಡಿಗಳನ್ನು ಹೊಲಿದುಕೊಟ್ಟವಳೇ ಅವಳು.

ಅದೇ ವರ್ಷ ಹಳೆ ಮದ್ರಾಸು ರಸ್ತೆಯಲ್ಲಿ ಒಂದು ಕಾರು ಚಲುವಯ್ಯನ ಜಟಕಾಗೆ ಬಡಿಯಿತು. ಕಾಲು ಹೋಯಿತು. ಕಾರಿನ ಡ್ರೈವರು ಕುಡಿದಿದ್ದನೆಂದು ಕೇಸಾಯಿತು. ಅವನ ಪರವಾಗಿ ನಿಂತ ಲಾಯರು ಯಾರು? ಆ ಮನೆಗೆ ಅಳಿಯನಾಗಬೇಕಿದ್ದ ಅಂಜನಮೂರ್ತಿ! ಕುದುರೆ ಇದ್ದಕ್ಕಿದ್ದಂತೆ ಅಡ್ಡ ತಿರುಗಿತು, ಡ್ರೈವರ ತಪ್ಪಿಲ್ಲ ಎಂದು ವಾದಿಸಿ ಬಿಡಿಸಿಯೇಬಿಟ್ಟ. ಆ ಗೆಲುವಿನಿಂದಲೇ ಅವನ ಹೆಸರು ಊರೆಲ್ಲ ಹಬ್ಬಿತು. ಕುಡಿದವರೂ ಕುಡಿಯದವರೂ ಅವನ ಮೆಟ್ಟಿಲು ಹತ್ತತೊಡಗಿದರು.

ಆವತ್ತು ಸಂಜೆ ಮನೆಗೆ ಬಂದವನ ಕೋಟಿಗೆ ಅವಳು ಕೈ ಹಾಕಿದ್ದಳು. ಎದೆಯ ಮೇಲಿನ ಗುಂಡಿಯನ್ನು ದಾರದ ಸಮೇತ ಕಿತ್ತುಕೊಂಡು, ಎಲೆಅಡಿಕೆಯ ತಟ್ಟೆಯನ್ನು ಹಿಂದಕ್ಕೆ ನೂಕಿದ್ದಳು. ಅವನು ಒಂದೇ ಒಂದು ಮಾತೂ ಆಡಿರಲಿಲ್ಲ. ಆ ಮೌನವನ್ನೇ ಅವಳು ತಪ್ಪೊಪ್ಪಿಗೆ ಎಂದುಕೊಂಡಳು.

ಆ ಗುಂಡಿ ಅವಳ ಡಬ್ಬಿಯಲ್ಲೇ ಉಳಿಯಿತು. ಇಡೀ ಬ್ರಿಟಿಷ್ ಸೈನ್ಯಕ್ಕೆ ಸಾಲುವಷ್ಟು ಹಿತ್ತಾಳೆ ಗುಂಡಿಗಳ ನಡುವೆ ಒಂದೇ ಒಂದು ಕರಿಗುಂಡಿ. ಹುಡುಕಬಾರದೆಂದುಕೊಂಡ ದಿನವೇ ಅದು ಬೆರಳಿಗೆ ಸಿಗುತ್ತಿತ್ತು.

ಮರುದಿನ ಬಸ್ಸು ನಿಂತಿದ್ದ ಠಾಣೆಗೆ ಹೋಗಲು ಅವಳು ಕರೀಮನ ಜಟಕಾ ಹತ್ತಿದಳು. ಜಟಕಾ ಅಪ್ಪನದೇ. ಕುದುರೆಯೂ ಅಪ್ಪನ ನವಾಬನೇ. ಅಪ್ಪ ಮಂಚ ಹಿಡಿದ ಮೇಲೆ ಅದನ್ನು ಶಿವಾಜಿನಗರದ ಕರೀಮನಿಗೆ ಬಾಡಿಗೆಗೆ ಕೊಟ್ಟಿದ್ದರು. ಹಳೆ ಮದ್ರಾಸು ರಸ್ತೆ ಎಂದೊಡನೆ ಕರೀಂ ಹಿಂದೆಮುಂದೆ ನೋಡಿದ. ಆ ರಸ್ತೆಯೊಂದು ಬೇಡಮ್ಮ, ಸುತ್ತು ಹಾಕಿ ಹೋಗೋಣ ಎಂದ. ಹೊತ್ತಾಗುತ್ತದೆಂದು ಅವಳು ಒಪ್ಪಲಿಲ್ಲ.

ಹಲಸೂರು ದಾಟಿ ಸ್ವಲ್ಪ ದೂರ ಹೋಗಿದ್ದರು. ನೆಟ್ಟಗೆ ಓಡುತ್ತಿದ್ದ ನವಾಬ ಇದ್ದಕ್ಕಿದ್ದಂತೆ ಕಿವಿ ನೆಟ್ಟಗೆ ಮಾಡಿದ. ಲಗಾಮು ಎಳೆದರೂ ಕೇಳದೆ, ಎದುರಿಗೆ ಬರುತ್ತಿದ್ದ ಮಿಲಿಟರಿ ಲಾರಿಯ ಮೂತಿಗೆ ಬಾಲ ಬೀಸಿ, ರಸ್ತೆಯನ್ನು ಅಡ್ಡಡ್ಡ ಸೀಳಿಕೊಂಡು ಆಚೆ ದಡಕ್ಕೆ ಹೋಗಿ ನಿಂತ. ನಿಂತದ್ದು ಒಂದು ಹೆಂಡದಂಗಡಿಯ ಮುಂದೆ. ಕೆಲಸ ಮುಗಿಸಿದ ಗುಮಾಸ್ತನ ಹಾಗೆ ತಲೆ ತಗ್ಗಿಸಿ ಕಣ್ಣು ಮುಚ್ಚಿದ.

"ನಾನ್ ಹೇಳ್ಲಿಲ್ವಾ ಅಮ್ಮಾ," ಎಂದ ಕರೀಂ ಬೆವರು ಒರೆಸಿಕೊಳ್ಳುತ್ತ. "ಈ ರಸ್ತೆಗೆ ಬಂದ್ರೆ ಇವ್ನು ನನ್ ಮಾತು ಕೇಳಲ್ಲ. ಯಾರೋ ದಿನಾ ನಿಲ್ಲಿಸಿ ಅಭ್ಯಾಸ ಮಾಡ್ಬಿಟ್ಟವ್ರೆ."

ಅಂಗಡಿಯ ಗೋವಿಂದಮ್ಮ ಗಾಲಿಯ ಸದ್ದಿಗೇ ಮಡಕೆ ಹಿಡಿದು ಹೊರಗೆ ಬಂದಳು. "ಏನ್ ಚಲುವಯ್ಯಣ್ಣಾ, ಕೊನೆಗೂ..." ಎಂದವಳು ಜಟಕಾದಲ್ಲಿ ಹೆಂಗಸನ್ನು ಕಂಡು ಮಡಕೆಯನ್ನು ಸೆರಗಿನೊಳಗೆ ಮುಚ್ಚಿದಳು.

ಆದಿಲಕ್ಷ್ಮಿ ಜಟಕಾದಿಂದ ಕೆಳಗಿಳಿದಳು.

ಅವಳ ಅಮ್ಮ ಸಾಯುವಾಗ ಅಪ್ಪ ಹೆಂಡತಿಯ ಕೈ ಹಿಡಿದು, ಇನ್ನು ಹೆಂಡ ಮುಟ್ಟುವುದಿಲ್ಲವೆಂದು ಆಣೆ ಮಾಡಿದ್ದ. ಆ ಆಣೆಯನ್ನು ಆದಿಲಕ್ಷ್ಮಿ ದೇವರ ಪಟದಂತೆ ಎದೆಯಲ್ಲಿ ಇಟ್ಟುಕೊಂಡಿದ್ದಳು. ಮತ್ತು ಅಪ್ಪನ ಜಟಕಾಗೆ ಕಾರು ಬಡಿದದ್ದು ಇದೇ ಜಾಗದಲ್ಲಿ.

ಗೋವಿಂದಮ್ಮ ಮೊದಲು ಬಾಯಿ ಬಿಡಲಿಲ್ಲ. ಬಂದವಳು ಯಾರ ಮಗಳೆಂದು ತಿಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಆವತ್ತು ಚಲುವಯ್ಯ ಅದಾಗಲೇ ಬೇರೊಂದು ಕಡೆ ಏರಿಸಿಕೊಂಡು ಲಗಾಮು ಬಿಟ್ಟು ತೂಕಡಿಸುತ್ತಿದ್ದ. ಕುದುರೆ ತನ್ನ ಪಾಡಿಗೆ ಅಂಗಡಿಗೆ ತಿರುಗಿತು. ಕಾರಿನ ಡ್ರೈವರು ಹನಿಯನ್ನೂ ಮುಟ್ಟಿರಲಿಲ್ಲ. ಆ ಲಾಯರಪ್ಪ ಇಲ್ಲೇ ಈ ಬೆಂಚಿನ ಮೇಲೆ ಕೂತು ಎಲ್ಲ ಕೇಳಿಕೊಂಡ. ನಾನು ಸಾಕ್ಷಿಗೆ ಬರಲೇ ಎಂದರೆ, ಬೇಡಮ್ಮ, ಕುದುರೆ ತಿರುಗಿತು ಅನ್ನುವಷ್ಟೇ ಸಾಕು, ಯಾಕೆ ತಿರುಗಿತು ಅನ್ನುವುದು ಕೋರ್ಟಿಗೂ ಬೇಡ, ಮನೆಗೂ ಬೇಡ ಎಂದು ಕೈಮುಗಿದು ಹೋದ.

ಆದಿಲಕ್ಷ್ಮಿ ಅದೇ ಬೆಂಚಿನ ಮೇಲೆ ಕುಸಿದು ಕೂತಳು. ಇಷ್ಟು ದಿನ ದ್ವೇಷವೆಂದು ಹೊತ್ತು ತಿರುಗಿದ ಮೂಟೆಯನ್ನು ಬಿಚ್ಚಿ ನೋಡಿದರೆ ಒಳಗೆಲ್ಲ ಅವನೇ.

ಪೊಲೀಸ್ ಠಾಣೆಯ ಹಿಂದಿನ ಬಯಲಿನಲ್ಲಿ ಬಸ್ಸು ನಿಂತಿತ್ತು. ಅಂಜನಮೂರ್ತಿ ಮಣ್ಣಿನಲ್ಲಿ ಮಂಡಿಯೂರಿ ಮುಂದಿನ ಚಕ್ರವನ್ನು ಮೂಸುತ್ತಿದ್ದ. ಪಕ್ಕದಲ್ಲಿ ಮುನಿರಾಜಪ್ಪ, ಅವನ ಪಕ್ಕದಲ್ಲಿ ಪೇದೆ. ಅವಳಿಗೆ ಹೇಳಬೇಕಾದದ್ದು ಸಮುದ್ರದಷ್ಟಿತ್ತು. ಪೇದೆಯ ಮುಂದೆ ಬೇಡವೆಂದು ಅದನ್ನೆಲ್ಲ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮಂಗಳವಾರ ಮುನೇಶ್ವರನಿಗೆಂದು ಚಕ್ರಕ್ಕೆ ಸಾರಾಯಿ ಎರೆಯದೆ ಬಸ್ಸು ತೆಗೆಯುವ ಡ್ರೈವರು ಆ ಕಾಲದ ಹಲಸೂರಿನಲ್ಲಿ ಹುಟ್ಟಿಯೇ ಇರಲಿಲ್ಲ. ಆವತ್ತು ಬಾಟಲಿಯ ಬಿಗಿ ಬಿರಡೆ ಹಠಾತ್ತನೆ ಕಿತ್ತುಬಂದು ಸಾರಾಯಿ ಅರ್ಧ ಚಕ್ರಕ್ಕೆ, ಅರ್ಧ ಅಂಗಿಗೆ ಚೆಲ್ಲಿತ್ತು. ಅಂಗಿ ಬದಲಿಸಿದರೆ ದೇವರ ಪ್ರಸಾದವನ್ನು ತೊಳೆದಂತೆ ಎಂದು ಹುಡುಗ ಅದೇ ಅಂಗಿಯಲ್ಲಿ ಸ್ಟೇರಿಂಗ್ ಹಿಡಿದಿದ್ದ. ವಾಸನೆಯ ಲೆಕ್ಕ ಅಲ್ಲಿಗೆ ಮುಗಿಯಿತು. ತೂರಾಟ? ಅಂಜನಮೂರ್ತಿ ಡ್ರೈವರ ಸೀಟಿನ ಕೆಳಗೆ ಕೈಯಾಡಿಸಿ, ಇದ್ದಿಲ ಹೊಗೆ ಸಾಗುವ ಕೊಳವೆಯಲ್ಲಿ ಬೆರಳಗಲದ ಬಿರುಕೊಂದನ್ನು ತೋರಿಸಿದ.

ಕೋರ್ಟಿನ ದಿನವನ್ನು ದಂಡಿನವರು ಇಂದಿಗೂ ಮರೆತಿಲ್ಲ. ಮ್ಯಾಜಿಸ್ಟ್ರೇಟ್ ದೊರೆಗೆ ಮುನೇಶ್ವರನೆಂದರೆ ಯಾರೆಂದೇ ತಿಳಿಯಲಿಲ್ಲ. ಆ ಸಾಕ್ಷಿಗೆ ಸಮನ್ಸು ಕಳಿಸಿ ಎಂದುಬಿಟ್ಟರು. ಪೊಲೀಸ್ ಇನ್‌ಸ್ಪೆಕ್ಟರು ಮೀಸೆಯಲ್ಲೇ ನಕ್ಕು, ಹೊಗೆಯಿಂದ ಯಾರಾದರೂ ತೂರಾಡುತ್ತಾರೆಯೇ ಎಂದರು. ಅಂಜನಮೂರ್ತಿ ಅಷ್ಟೇ ವಿನಯದಿಂದ, ಬಸ್ಸು ಕಾಂಪೌಂಡಿನಲ್ಲೇ ಇದೆ, ತಾವು ಡ್ರೈವರ ಸೀಟಿನಲ್ಲಿ ಒಂದು ವೀಳ್ಯ ಜಗಿಯುವಷ್ಟು ಹೊತ್ತು ಕೂತು ತೋರಿಸಿ ಎಂದ.

ಇದ್ದಿಲು ಹೊತ್ತಿಸಿದರು. ಕ್ಯಾನ್ವಾಸು ಇಳಿಬಿಟ್ಟರು. ಇನ್‌ಸ್ಪೆಕ್ಟರು ಎದೆಯುಬ್ಬಿಸಿ ಹತ್ತಿದರು. ವೀಳ್ಯ ಮುಗಿಯುವ ಮೊದಲೇ ಕೆಳಗಿಳಿದು, ಕೋರ್ಟಿನ ಕಂಬವೊಂದಕ್ಕೆ ಅಪ್ಪಟ ಮಿಲಿಟರಿ ಸಲ್ಯೂಟು ಹೊಡೆದು, ಅದನ್ನೇ ಅಪ್ಪಿಕೊಂಡು ನಿಂತರು!

ಜನ ನಕ್ಕ ಸದ್ದಿಗೆ ಹಲಸೂರು ಕೆರೆಯ ಬಾತುಕೋಳಿಗಳು ಹಾರಿಹೋದವು. ಮುನಿರಾಜಪ್ಪನನ್ನು ಬಿಟ್ಟುಬಿಟ್ಟರು.

ಮುನಿರಾಜಪ್ಪ ಕರೀಮನೊಂದಿಗೆ ಅಪ್ಪನಿಗೆ ಸುದ್ದಿ ಹೇಳಲು ಓಡಿದ. ಕೋರ್ಟಿನ ಜಗಲಿಯಲ್ಲಿ ಉಳಿದವರು ಇಬ್ಬರೇ. ಅಂಜನಮೂರ್ತಿ ಕಾಗದಗಳನ್ನು ಕಟ್ಟಿಕೊಂಡು ಹೊರಡಲು ತಿರುಗಿದ.

"ನವಾಬ ನನ್ನನ್ನ ಗೋವಿಂದಮ್ಮನ ಅಂಗಡಿಗೆ ಕರ್ಕೊಂಡ್ಹೋಗಿದ್ದ," ಎಂದಳು ಅವಳು.

ಅವನ ಕೈಯ ಕಟ್ಟು ಜಾರಿತು.

"ಯಾಕೆ ಹೇಳ್ಲಿಲ್ಲ? ನಾನು ಗುಂಡಿ ಕಿತ್ತಾಗಲಾದ್ರೂ ಒಂದು ಮಾತು ಹೇಳ್ಬಹುದಿತ್ತಲ್ಲ..."

"ಆಸ್ಪತ್ರೇಲಿ ನಿಮ್ಮಪ್ಪ ನನ್ನ ಕೈ ಹಿಡ್ಕೊಂಡು, ಮಗಳಿಗೆ ಮಾತ್ರ ಹೇಳ್ಬೇಡ ಅಂದ್ರು. ಆ ಡ್ರೈವರು ತಪ್ಪು ಮಾಡಿರ್ಲಿಲ್ಲ, ಅವನನ್ನೂ ಕೈಬಿಡೋಕಾಗ್ಲಿಲ್ಲ." ಅವನು ಅವಳ ಕಡೆ ನೋಡದೆ ಹೇಳಿದ. "ನಿಂಗೆ ಗಂಡ ಇನ್ನೊಬ್ಬ ಸಿಗ್ತಿದ್ದ, ಆದೀ. ಅಪ್ಪ ಇನ್ನೊಬ್ಬ ಸಿಗ್ತಿರ್ಲಿಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಒರೆಸಿದಷ್ಟೂ ತುಂಬಿತು.

"ಇನ್ನೊಬ್ಬ ಸಿಗ್ಲಿಲ್ಲ," ಎಂದಳು. "ನಾನು ಹುಡುಕ್ಲೂ ಇಲ್ಲ."

ಗಾಳಿ ಬೀಸಿ ಅವನ ಕೋಟು ಆ ಖಾಲಿ ಜಾಗದಲ್ಲಿ ತೆರೆದುಕೊಂಡಿತು. ಗುಂಡಿಯಿಲ್ಲದ ಕೋಟು ತೊಟ್ಟು ನ್ಯಾಯಸ್ಥಾನಕ್ಕೆ ಬರಬಾರದೆಂದು ಮ್ಯಾಜಿಸ್ಟ್ರೇಟರೇ ಗದರಿದ್ದರಂತೆ. ಅವನು ಬೈಸಿಕೊಂಡನೇ ಹೊರತು ಬೇರೆಯವರ ಕೈಯಿಂದ ಹೊಲಿಸಿರಲಿಲ್ಲ.

ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಸಂಚಿಯಿಂದ ಸೂಜಿದಾರ ತೆಗೆದಳು. ಆಮೇಲೆ ಕರಿಗುಂಡಿ. ಕಿತ್ತ ದಿನದ ದಾರದ ಎಳೆ ಇನ್ನೂ ಅದರಲ್ಲಿತ್ತು.

"ಕೋಟು ಬಿಚ್ಚಿ."

"ಇಲ್ಲೇನಾ? ಕೋರ್ಟಲ್ಲಾ? ಹಾಗೇ ಹೊಲಿ."

"ಮೈಮೇಲಿರೋ ಬಟ್ಟೆ ಹೊಲೀಬಾರ್ದು, ಕೆಟ್ಟದ್ದು. ಇಷ್ಟು ದಿನ ಆಗಿದ್ದೇ ಸಾಕು."

ಅವನು ಮಗುವಿನಂತೆ ಕೋಟು ಬಿಚ್ಚಿಕೊಟ್ಟ. ಅವಳು ಜಗಲಿಯ ಮೆಟ್ಟಿಲ ಮೇಲೆ ಕೂತು, ಕೋಟನ್ನು ಮಡಿಲಿಗೆ ಹಾಕಿಕೊಂಡು, ಆನೆ ಎಳೆದರೂ ಕಿತ್ತುಬರದ ಹಾಗೆ ಹೊಲಿಗೆ ಹಾಕಿದಳು. ಅವನು ಪಕ್ಕದಲ್ಲಿ ಕೂತು ಸೂಜಿ ಹೋಗಿ ಬರುವುದನ್ನೇ ನೋಡುತ್ತಿದ್ದ.

"ನಂಗೆ ಗೊತ್ತಾಯ್ತು ಅಂತ ಅಪ್ಪನಿಗೆ ಹೇಳ್ಬೇಡಿ," ಎಂದಳು ತಲೆ ಎತ್ತದೆ. "ಆ ಗುಟ್ಟು ಕಾಯೋಕೆ ಇನ್ಮೇಲೆ ನಾನೂ ಇದ್ದೀನಿ."

"ಹೇಳಲ್ಲ." ಅವನು ಕೇಳಿದ. "ಇನ್ನೊಂದು ಸಲ ಸಿಟ್ಟು ಬಂದ್ರೆ? ಮತ್ತೆ ಕಿತ್ಕೊಂಡ್ಹೋಗ್ತೀಯಾ?"

ಆದಿಲಕ್ಷ್ಮಿ ದಾರವನ್ನು ಹಲ್ಲಿನಿಂದ ಕಡಿದು, ಕೋಟನ್ನು ಅವನ ಹೆಗಲಿಗೆ ಹೊದಿಸಿದಳು.

"ಕಿತ್ಕೋತೀನಿ. ಆದ್ರೆ ಎಲ್ಲಿಗೂ ಹೋಗಲ್ಲ ಕಣ್ರೀ."