ಫ್ರಿಜ್ ಮಾತಾಡಬಾರದು

“ಫ್ರಿಜ್ ಅಳ್ಳಾಡಬಾರ್ದು” ಎಂದು ಅಪ್ಪ ಸೀಟಿ ಊದಿದ.

ವಿಶಾಖಾ ಅಳ್ಳಾಡುವುದನ್ನು ನಿಲ್ಲಿಸಿದಳು. ಕಾಲಿಗೆ ಇರುವೆ ಕಚ್ಚಿತ್ತು. ಆದರೆ ಇರುವೆ ಕಚ್ಚಿತೆಂದು ಯಾವ ಫ್ರಿಜ್ಜೂ ಕೆರೆದುಕೊಳ್ಳುವುದಿಲ್ಲ. ಅವಳು ಹಲ್ಲು ಕಚ್ಚಿ ನಿಂತಳು.

ಮನೆಯವರೆಲ್ಲ ಮಾಳಿಗೆಯ ಮೇಲಿದ್ದರು. ಕೆಳಗಿನ ಹಳೆಯ ಅಡುಗೆಮನೆಯನ್ನು ಒಡೆದು ಹೊಸದು ಮಾಡಿಸಬೇಕೆಂದು ತೀರ್ಮಾನವಾಗಿತ್ತು. ಅಪ್ಪ ಪ್ರತಾಪ ತಿಕೋಟಾದ ಹೈಸ್ಕೂಲಿನಲ್ಲಿ ಪಿ.ಟಿ. ಸರ್. ಬೇರೆಯವರು ಇಂಥ ಕೆಲಸಕ್ಕೆ ಕಾಗದದ ಮೇಲೆ ಪ್ಲಾನ್ ಹಾಕುತ್ತಾರೆ. ಅಪ್ಪನಿಗೆ ಕಾಗದದ ಮೇಲೆ ನಂಬಿಕೆಯಿಲ್ಲ. ಕಬಡ್ಡಿ ಅಂಗಳಕ್ಕೆ ಹಾಕುವಂಥ ಸುಣ್ಣದ ಪುಡಿ ತಂದು, ಟೇಪು ಹಿಡಿದು ಅಳೆದು, ಹೊಸ ಅಡುಗೆಮನೆಯನ್ನು ಮಾಳಿಗೆಯ ಮೇಲೆ ಬರೆದಿದ್ದ. ಕೆಳಗಿನದು ಎಷ್ಟು ದೊಡ್ಡದೋ ಇದೂ ಅಷ್ಟೇ ದೊಡ್ಡದು. ಬಾಗಿಲು, ಕಿಟಕಿ, ಕಟ್ಟೆ ಎಲ್ಲವೂ ಸುಣ್ಣದ ಗೆರೆ. ಆಡಿ ನೋಡದೆ ಯಾವ ಅಂಗಳದ ಗುಣವೂ ಗೊತ್ತಾಗುವುದಿಲ್ಲ ಎಂದು ಅವನು ಹೇಳುತ್ತಿದ್ದ.

ಬೋರಲು ಹಾಕಿದ ಬಕೆಟ್ ಸಿಂಕ್ ಆಗಿತ್ತು. ಹಳೆಯ ಬೆಂಚು ಗ್ಯಾಸಿನ ಕಟ್ಟೆಯಾಗಿತ್ತು. ವಿಶಾಖಾಳಿಗೆ ಐದನೇ ಕ್ಲಾಸಿನ ಹೋಂವರ್ಕ್ ಬಿಟ್ಟರೆ ಬೇರೆ ಕೆಲಸವಿರಲಿಲ್ಲ, ಹಾಗಾಗಿ ಅವಳು ಫ್ರಿಜ್ ಆಗಿದ್ದಳು. ಅವಳ ಎಡಗೈ ಫ್ರಿಜ್ಜಿನ ಬಾಗಿಲು.

ಅವ್ವ ಆಮ್ರಪಾಲಿ ದವಾಖಾನೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬಂದು ನಿದ್ದೆ ಮಾಡುವ ಬದಲು ಇಲ್ಲದ ಒಲೆಯ ಮೇಲೆ ಇಲ್ಲದ ಚಹಾ ಮಾಡುತ್ತಿದ್ದಳು. ಅವಳು ಹಾಲು ತೆಗೆಯಲು ವಿಶಾಖಾಳ ಎಡಗೈ ತೆರೆದಳು. ಕೈ ಹೋಗಿ ಸುಣ್ಣದ ಬಾಗಿಲ ಗೆರೆಯನ್ನು ದಾಟಿತು. ಅಪ್ಪ ಸೀಟಿ ಊದಿ ಫೌಲ್ ಎಂದ. ಬಾಗಿಲಿಗೆ ಅಡ್ಡ ಬರುವ ಫ್ರಿಜ್ ಬೇಡವೆಂದು ಅವಳನ್ನು ಬಾಗಿಲ ಹಿಂದಿನ ಮೂಲೆಗೆ ಸರಿಸಿದ. ಅಲ್ಲಿ ಯಾರಿಗೂ ತಾಗಲಿಲ್ಲ. ಅವ್ವ ಚಹಾ ಮುಗಿಸಿ ಒಗ್ಗರಣೆಗೆ ಹೋದಳು.

ಮೂಲೆಗೆ ಬಂದ ಮೇಲೆ ವಿಶಾಖಾಳಿಗೆ ಹೊಳೆಯಿತು. ಕೆಳಗಿನ ಅಡುಗೆಮನೆಯಲ್ಲಿ ಈ ಮೂಲೆ ಆಯಿಯದು.

ಆಯಿ ಎಂದರೆ ಅಪ್ಪನ ಅವ್ವ, ಹುಲಿಗೆವ್ವ. ದಿನಾ ಬೆಳಗ್ಗೆ ಅವಳು ಆ ಮೂಲೆಯಲ್ಲಿ ನೆಲದ ಮೇಲೆ ಕೂತು, ಮುಂದೆ ಮರದ ಹಲಗೆ ಇಟ್ಟುಕೊಂಡು, ಸಣ್ಣ ಒಲೆಯ ಮೇಲೆ ಜೋಳದ ರೊಟ್ಟಿ ಮಾಡುತ್ತಿದ್ದಳು. ಹಲಗೆಯ ಮೇಲೆ ಟಪಟಪ ಎಂದು ರೊಟ್ಟಿ ಬಡಿಯುವ ಸದ್ದಿಗೇ ವಿಶಾಖಾಳಿಗೆ ಎಚ್ಚರವಾಗುತ್ತಿತ್ತು. ಅವಳು ತಾಟು ಹಿಡಿದು ಹೋಗಿ ಆಯಿಯ ಮಗ್ಗುಲಲ್ಲಿ ಕೂಡುತ್ತಿದ್ದಳು. ಮೊದಲ ರೊಟ್ಟಿ ಅವಳದೇ. ಆಯಿ ಅದರ ಮೇಲೆ ಶೇಂಗಾ ಹಿಂಡಿಯ ಚಟ್ನಿಪುಡಿ ಹಾಕಿ, ಎಣ್ಣೆ ಬಿಟ್ಟು ಕೊಡುತ್ತಿದ್ದಳು. ಅದನ್ನು ತಿನ್ನುವಾಗ ವಿಶಾಖಾಳಿಗೆ ಲೆಕ್ಕದ ಟೆಸ್ಟ್ ಕೂಡ ನೆನಪಾಗುತ್ತಿರಲಿಲ್ಲ.

“ಅಪ್ಪಾ, ಆಯಿ ಎಲ್ಲಿ ಕುಂದರತಾಳ?”

“ಫ್ರಿಜ್ ಮಾತಾಡಬಾರ್ದು” ಎಂದ ಅಪ್ಪ.

ಆಯಿ ಅಲ್ಲೇ ಇದ್ದಳು. ನೀರಿನ ಟಾಕಿಯ ನೆರಳಿನಲ್ಲಿ ಕಾಲು ಚಾಚಿಕೊಂಡು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಆಟ ನೋಡುತ್ತಿದ್ದಳು, ನಡುನಡುವೆ ಮೊರದ ಹೊಟ್ಟು ಊದುತ್ತಿದ್ದಳು. ಏನೂ ಅನ್ನಲಿಲ್ಲ.

ಮುಂದಿನ ವಾರ ಒಡೆಯುವ ಕೆಲಸ ಶುರುವಾಯಿತು. ಧೂಳಿಗೆ ಆಯಿಗೆ ಕೆಮ್ಮು ಹತ್ತುತ್ತದೆ ಎಂದು ಅಪ್ಪ ಅವಳನ್ನು ಮಮದಾಪುರಕ್ಕೆ, ವಿಶಾಖಾಳ ಸೋದರತ್ತೆಯ ಮನೆಗೆ ಕಳಿಸಿದ. ಹೊರಡುವಾಗ ಆಯಿ ರೊಟ್ಟಿ ಬಡಿಯುವ ಹಲಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಬಗಲಲ್ಲಿ ಇಟ್ಟುಕೊಂಡಳು. ಅದನ್ನು ನೋಡಿದ್ದು ವಿಶಾಖಾ ಒಬ್ಬಳೇ.

ನಾಲ್ಕು ದಿನಕ್ಕೆಂದು ಊರಿಗೆ ಹೋಗುವವರು ಸೀರೆ ಒಯ್ಯುತ್ತಾರೆ, ಗುಳಿಗೆ ಒಯ್ಯುತ್ತಾರೆ. ಹಲಗೆ ಒಯ್ಯುವವರು ಹೊಳ್ಳಿ ಬರುತ್ತಾರೆಯೇ? ಹೊಸ ಮನೆಯಲ್ಲಿ ತನಗೆ ಜಾಗವಿಲ್ಲ ಎಂದು ಆಯಿಗೆ ತಿಳಿದುಬಿಟ್ಟಿದೆ ಎಂದುಕೊಂಡಳು ವಿಶಾಖಾ. ಬಬಲೇಶ್ವರದ ಮೇಲೆ ಮಮದಾಪುರಕ್ಕೆ ಹೋಗುವ ಬಸ್ಸು ಹೊರಟಾಗ ಅವಳಿಗೆ ಅಳು ಬಂತು. ಕಣ್ಣಿಗೆ ಧೂಳು ಬಿತ್ತೆಂದು ಹೇಳಿದಳು. ಆ ದಿನಗಳಲ್ಲಿ ಅವರ ಮನೆಯವರು ಏನೇ ಆದರೂ ಧೂಳಿನ ಮೇಲೆ ಹಾಕಬಹುದಿತ್ತು.

ಧೂಳು ಅಷ್ಟಿತ್ತು. ಗ್ಯಾಸು ಪಡಸಾಲೆಗೆ ಬಂದು ಟಿವಿಯ ಪಕ್ಕದಲ್ಲಿ ಕೂತಿತು. ಭಾಂಡೆಗಳನ್ನು ಬಚ್ಚಲಲ್ಲಿ ತೊಳೆಯಬೇಕಾಯಿತು. ಸಾಸಿವೆ ಡಬ್ಬಿ ಹಾಸಿಗೆಯ ಕೆಳಗೆ ಸಿಕ್ಕಿತು. ಉಪ್ಪಿನ ಡಬ್ಬಿ ಸಿಗಲೇ ಇಲ್ಲ. ಒಂದು ದಿನ ಅವಲಕ್ಕಿ, ಇನ್ನೊಂದು ದಿನ ಉಪ್ಪಿಟ್ಟು, ಮತ್ತೆ ಅವಲಕ್ಕಿ. ಎರಡೂ ಬಾಯಲ್ಲಿ ಕರಕರ ಎನ್ನುತ್ತಿದ್ದವು. ರೊಟ್ಟಿಯನ್ನು ಅಂಗಡಿಯಿಂದ ತರುತ್ತಿದ್ದರು. ಅದನ್ನು ಮುರಿಯಲು ವಿಶಾಖಾ ಎರಡೂ ಕೈ ಹಚ್ಚುತ್ತಿದ್ದಳು. ಅಪ್ಪ ಮಾತ್ರ ಬಹಳ ಹೊತ್ತು ಅಗಿದು, ಹಲ್ಲಿಗೆ ಇದು ಒಳ್ಳೆಯ ವ್ಯಾಯಾಮ ಎಂದ.

ಗೌಂಡಿ ಕುತುಬುದ್ದೀನ ಒಳ್ಳೆಯ ಕೆಲಸಗಾರ, ಬಂದ ದಿನ. ಬರದ ದಿನ ಫೋನಿನಲ್ಲಿ ಅಷ್ಟೇ ಚಂದವಾಗಿ, ನಾಳೆ ಖಂಡಿತ ಬರುತ್ತೇನೆ ಎನ್ನುತ್ತಿದ್ದ. ಹೀಗೇ ಕಿಟಕಿ ದೊಡ್ಡದಾಯಿತು, ಕಟ್ಟೆಗೆ ಕರಿ ಗ್ರಾನೈಟ್ ಬಂತು. ಬಾಗಿಲ ಹಿಂದಿನ ಮೂಲೆಯಲ್ಲಿ ಎತ್ತರದಲ್ಲಿ ಒಂದು ಕಲ್ಲಿನ ಶೆಲ್ಫ್ ಕೂತಿತು. ಅದರ ಕೆಳಗೆ ಫ್ರಿಜ್ ಸರಿಯಾಗಿ ಹಿಡಿಯುವಂತೆ ಅಪ್ಪ ಅಳತೆ ಕೊಟ್ಟಿದ್ದ.

ಶನಿವಾರ ಬೆಳಗಿನ ಸಾಲೆ ಮುಗಿಸಿ ವಿಶಾಖಾ ಮನೆಗೆ ಬಂದಾಗ ಕುತುಬುದ್ದೀನ ಒಬ್ಬನೇ ಇದ್ದ. ಅಪ್ಪ ತಿಕೋಟಾದಲ್ಲಿ ಹುಡುಗರನ್ನು ಓಡಿಸುತ್ತಿದ್ದ. ಅವ್ವ ಡ್ಯೂಟಿಯಲ್ಲಿದ್ದಳು. ಕಲಸಿದ ಸಿಮೆಂಟು ಸ್ವಲ್ಪ ಉಳಿದಿತ್ತು. ನೆಲಕ್ಕೆ ಹಾಕಿದ ಫರಸಿ ಕಲ್ಲಿನ ಒಂದು ತುಂಡೂ ಉಳಿದಿತ್ತು. ವಿಶಾಖಾ ಮೂಲೆಯನ್ನು ನೋಡಿದಳು, ಸಿಮೆಂಟನ್ನು ನೋಡಿದಳು.

“ಚಾಚಾ, ಈ ಮೂಲ್ಯಾಗ ಒಂದು ಸಣ್ಣ ಕಟ್ಟಿ ಕಟ್ಟಬೇಕಂತ್ರಿ. ಕುಂದರಾಕ.”

“ಯಾರ ಹೇಳ್ಯಾರ?”

“ಅಪ್ಪ” ಎಂದಳು.

ಕುತುಬುದ್ದೀನ ಎಷ್ಟು ಎತ್ತರ ಎಂದು ಕೇಳಿದ. ಅದನ್ನು ಅವಳು ವಿಚಾರ ಮಾಡಿರಲಿಲ್ಲ. ಗೋಡೆಗೆ ಬೆನ್ನು ಹಚ್ಚಿ, ಏನೂ ಇಲ್ಲದ ಜಾಗದಲ್ಲಿ ಕೂತಂತೆ ಮಾಡಿ ತೋರಿಸಿದಳು. ಅವನು ಅವಳ ಕೆಳಗೆ ಟೇಪು ಹಿಡಿದು ಅಳೆದುಕೊಂಡ. ಸಂಜೆಯೊಳಗೆ ಮೂಲೆಯಲ್ಲಿ ಒಂದು ಪುಟ್ಟ ಕಟ್ಟೆ ಎದ್ದು ನಿಂತಿತ್ತು. ಮೇಲೆ ಫರಸಿ, ಅಂಚಿಗೆ ನುಣುಪು. ಸುಳ್ಳಿನಿಂದ ಕಟ್ಟಿದ್ದಾದರೂ ಗಟ್ಟಿಯಾಗಿತ್ತು.

ಅಪ್ಪ ಬಂದು ನೋಡಿದ. ಅಭ್ಯಾಸ ಬಲದಿಂದ ಸೀಟಿಯನ್ನು ಬಾಯಿಗಿಟ್ಟ. ಕೆಳಗೆ ಕಟ್ಟೆ, ಮೇಲೆ ಶೆಲ್ಫ್, ನಡುವೆ ಫ್ರಿಜ್ ಹೋಗುವುದು ಸಾಧ್ಯವೇ ಇರಲಿಲ್ಲ. ಅವನು ಕುತುಬುದ್ದೀನನಿಗೆ ಫೋನ್ ಮಾಡಿ ಕೇಳಿದ. ಆಮೇಲೆ ಫೋನ್ ಇಟ್ಟು ವಿಶಾಖಾಳ ಕಡೆ ತಿರುಗಿದ.

“ಆಯಿಗಿ” ಎಂದಳು ವಿಶಾಖಾ. “ಆಕಿಗಿ ಜಾಗಾ ಇರಲಿಲ್ಲ. ಹಲಗಿನೂ ಒಯ್ದಾಳ. ಆಕಿ ಹೊಳ್ಳಿ ಬರಂಗಿಲ್ಲ.”

ಅಪ್ಪ ಆಗಷ್ಟೇ ಡ್ಯೂಟಿಯಿಂದ ಬಂದ ಅವ್ವನ ಮುಖ ನೋಡಿದ. ಅವ್ವ ನೆಲ ನೋಡಿದಳು. ಸುಳ್ಳು ಹೇಳಿದ್ದಕ್ಕೆ ಬೈಯಬೇಕಿತ್ತು. ಆದರೆ ಬೈದರೆ ಆಯಿಯ ಜಾಗ ಯಾಕೆ ಮರೆತಿರಿ ಎಂಬ ಮಾತು ಬರುತ್ತದೆ. ಅಪ್ಪ ಸೀಟಿಯನ್ನು ಜೇಬಿಗೆ ಹಾಕಿಕೊಂಡ.

ಫ್ರಿಜ್ ಪಡಸಾಲೆಯಲ್ಲೇ ಉಳಿಯಿತು, ಟಿವಿಯ ಪಕ್ಕದಲ್ಲಿ, ಬುದ್ಧನ ಫೋಟೋದ ಕೆಳಗೆ. ಬಂದವರೆಲ್ಲ ಇದೇಕೆ ಇಲ್ಲಿದೆ ಎಂದು ಕೇಳಿದರು. ಈಗ ಎಲ್ಲರೂ ಹೀಗೇ ಇಡುತ್ತಾರೆ ಎಂದು ಅಪ್ಪ ಮುಖ ಬದಲಿಸದೆ ಹೇಳಿದ. ಬುದ್ಧನೊಬ್ಬನೇ ಏನೂ ಕೇಳಲಿಲ್ಲ.

ಕೆಲಸ ಮುಗಿದ ಮೇಲೆ ಆಯಿಯನ್ನು ಕರೆತರಲು ಅಪ್ಪ ಮತ್ತು ವಿಶಾಖಾ ಮಮದಾಪುರಕ್ಕೆ ಹೋದರು. ಬರುವುದಿಲ್ಲ ಎಂದರೆ ಏನು ಮಾಡಬೇಕೆಂದು ವಿಶಾಖಾ ದಾರಿಯುದ್ದಕ್ಕೂ ಯೋಚಿಸಿದಳು. ಕಾಲು ಹಿಡಿಯಬಹುದು. ಕಟ್ಟೆಯ ವಿಷಯ ಹೇಳಬಹುದು. ಆದರೆ ಅದನ್ನು ಮನೆಗೆ ಬಂದ ಮೇಲೆ ತೋರಿಸಬೇಕೆಂಬ ಆಸೆಯಿತ್ತು.

ಆಯಿ ಚೀಲ ಕಟ್ಟಿಕೊಂಡು ಅತ್ತೆಯ ಮನೆಯ ಹೊಸ್ತಿಲಲ್ಲೇ ಕೂತಿದ್ದಳು. ಇಷ್ಟು ತಡ ಯಾಕೆ ಎಂದು ಬೈದಳು. ವಿಶಾಖಾಳಿಗೆ ಹಿಡಿಸಲಾರದಷ್ಟು ಖುಷಿಯಾಯಿತು. ಆಮೇಲೆ ಅವಳು ಆಯಿಯ ಬಗಲು ನೋಡಿದಳು. ಬಗಲು ಖಾಲಿಯಿತ್ತು.

“ಹಲಗಿ ಎಲ್ಲಿ ಬೇ ಆಯಿ?”

“ನಿಮ್ಮ ಅತ್ತಿಗಿ ಕೊಟ್ಟೆ. ಆಕಿದು ಸೀಳಿತ್ತು. ನನಗಿನ್ನ ಅದು ಯಾಕ ಬೇಕು?”

ಖುಷಿ ಅಲ್ಲೇ ಇಳಿದುಹೋಯಿತು. ಬಬಲೇಶ್ವರದಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಅಪ್ಪ ಭಜಿ ತಂದು ಕೊಟ್ಟ. ವಿಶಾಖಾ ಒಂದನ್ನೂ ಮುಟ್ಟಲಿಲ್ಲ. ಆಯಿ ಮನೆಗೇನೋ ಬರುತ್ತಿದ್ದಾಳೆ, ಆದರೆ ಇನ್ನು ರೊಟ್ಟಿ ಮಾಡುವುದಿಲ್ಲ, ಸಿಟ್ಟು ಮಾಡಿಕೊಂಡಿದ್ದಾಳೆ ಎಂದುಕೊಂಡಳು. ಆಯಿ ಭಜಿ ತಿನ್ನುತ್ತ, ಗ್ಯಾಸಿನ ಕಟ್ಟೆ ಎಷ್ಟು ಎತ್ತರ, ನಲ್ಲಿ ಯಾವ ಕಡೆ ಎಂದು ಅಪ್ಪನನ್ನು ಕೇಳುತ್ತಿದ್ದಳು.

ಮನೆಗೆ ಬಂದ ಮೇಲೆ ಆಯಿ ಸೀದಾ ಅಡುಗೆಮನೆಗೆ ಹೋದಳು. ಹಿಂದೆ ಮೂವರೂ ಹೋಗಿ ಬಾಗಿಲಲ್ಲಿ ನಿಂತರು. ಆಯಿ ಗ್ರಾನೈಟ್ ಮೇಲೆ ಅಂಗೈ ಆಡಿಸಿದಳು. ನಲ್ಲಿ ತಿರುಗಿಸಿದಳು, ನಿಲ್ಲಿಸಿದಳು. ಕಿಟಕಿ ತೆರೆದು ಹೊರಗೆ ನೋಡಿದಳು. ಕೊನೆಗೆ ತಿರುಗಿ ಮೂಲೆಯನ್ನು ನೋಡಿದಳು.

“ಇದೇನು? ಇಲ್ಲಿ ಫ್ರಿಜ್ ಇಡೋದಿತ್ತಲ್ಲ?”

“ನಿನಗ ಯವ್ವಾ. ಕುಂದರಾಕ” ಎಂದ ಅಪ್ಪ, ತಾನೇ ಕಟ್ಟಿಸಿದವನಂತೆ.

ಆಯಿ ಹೋಗಿ ಅದರ ಮೇಲೆ ಕೂತಳು. ಅವಳ ಮೊಣಕಾಲು ಗದ್ದದ ಹತ್ತಿರ ಬಂತು. ಏಳಲು ಅಪ್ಪ ಒಂದು ಕೈ, ಅವ್ವ ಒಂದು ಕೈ ಹಿಡಿಯಬೇಕಾಯಿತು.

“ಜನ್ಮಾ ಪೂರ್ತಿ ನೆಲದ ಮ್ಯಾಲ ಕುಂತೇನಿ. ಗ್ಯಾಸಿನ ಕಟ್ಟಿ ಮ್ಯಾಲ ಜಾಗಾ ಇರಲಿಲ್ಲ ಅಂತ ಕುಂತೇನಿ. ದಿನಾ ಏಳೂ ಮುಂದ ಯಪ್ಪಾ ಯಪ್ಪಾ ಅಂತಿದ್ದೆ, ನಿಮಗ್ಯಾರಿಗೂ ಕೇಳಿಸಿಲ್ಲೇನು?” ಎಂದಳು ಆಯಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಇನ್ನ ನಿಂತ ರೊಟ್ಟಿ ಮಾಡಬಹುದು, ಹಲಗಿದೂ ಕೆಲಸಿಲ್ಲ ಅಂತ ನಾ ಖುಷಿಯಾಗಿದ್ದೆ.”

“ಮತ್ತ ಅವತ್ತ ಯಾಕ ಹೇಳಲಿಲ್ಲ ಬೇ?” ಎಂದ ಅಪ್ಪ.

“ನನ್ನ ಯಾರ ಕೇಳಿದ್ರಿ? ಮಾಳಗಿ ಮ್ಯಾಲ ಮೂರೂ ಮಂದಿ ಆಡಾಕತ್ತಿದ್ರಿ. ನನಗ ಸಿಂಕ್ ಆಗಾಕ ಸೈತ ಕರೀಲಿಲ್ಲ.”

ಅಪ್ಪನ ಕೈ ಸೀಟಿಯ ಜೇಬಿಗೆ ಹೋಗಿ ಸುಮ್ಮನೆ ಹೊಳ್ಳಿ ಬಂತು. ಬಕೆಟ್ಟಿಗೆ ಸಿಕ್ಕ ಪಾತ್ರ ಆಯಿಗೆ ಸಿಕ್ಕಿರಲಿಲ್ಲ. ವಿಶಾಖಾಳ ಕಿವಿ ಬಿಸಿಯಾದವು. ಅವಳು ಆಯಿಯ ಬಗ್ಗೆ ಅಪ್ಪನನ್ನು ಕೇಳಿದ್ದಳು, ಕುತುಬುದ್ದೀನ ಚಾಚಾನಿಗೆ ಹೇಳಿದ್ದಳು. ಆದರೆ ಅವತ್ತು ಮಾಳಿಗೆಯ ಮೇಲೆ ಆಯಿ ಹತ್ತು ಹೆಜ್ಜೆ ದೂರದಲ್ಲೇ ಜೋಳ ಹಸನು ಮಾಡುತ್ತಿದ್ದಳು.

ಮರುದಿನ ಬೆಳಗ್ಗೆ ಟಪಟಪ ಸದ್ದಿಗೆ ವಿಶಾಖಾಳಿಗೆ ಎಚ್ಚರವಾಯಿತು. ಗ್ರಾನೈಟ್ ಮೇಲಿನ ಸದ್ದು ಬೇರೆ, ಸ್ವಲ್ಪ ಸಣ್ಣದು. ಅವಳು ತಾಟು ಹಿಡಿದು ಕಣ್ಣುಜ್ಜುತ್ತ ಅಡುಗೆಮನೆಗೆ ಹೋದಳು. ಆಯಿ ಕಿಟಕಿಯ ಬೆಳಕಿನಲ್ಲಿ ನೆಟ್ಟಗೆ ನಿಂತು ರೊಟ್ಟಿ ಬಡಿಯುತ್ತಿದ್ದಳು. ಅವಳು ಇಷ್ಟು ಎತ್ತರ ಇದ್ದಾಳೆಂದು ವಿಶಾಖಾಳಿಗೆ ಗೊತ್ತೇ ಇರಲಿಲ್ಲ.

ವಿಶಾಖಾ ರೂಢಿಯಂತೆ ಮೂಲೆಗೆ ಹೋಗಿ ಕೂತಳು. ಕಟ್ಟೆ ಅವಳಿಗೆ ಸರಿಯಾಗಿತ್ತು. ಪಾದ ನೆಲಕ್ಕೆ ಮುಟ್ಟಿದವು, ಬೆನ್ನು ಗೋಡೆಗೆ ಹತ್ತಿತು, ತಾಟು ತೊಡೆಯ ಮೇಲೆ ಕೂತಿತು. ಅವಳನ್ನೇ ಅಳೆದು ಕಟ್ಟಿದ್ದಲ್ಲವೇ. ಇದು ಯಾರಿಗೆ ಬೇಕಾಗಿತ್ತೆಂದು ಅವಳಿಗೆ ಆಗ ತಿಳಿಯಿತು.

ಮೇಲಿನಿಂದ ಬಿಸಿ ರೊಟ್ಟಿ ಇಳಿದು ಬಂತು. ಮೇಲೆ ಶೇಂಗಾ ಹಿಂಡಿ, ಎಣ್ಣೆ. ವಿಶಾಖಾ ಕೂಡಲೇ ಮುರಿಯಲಿಲ್ಲ.

“ಆಯಿ, ಈ ಮನ್ಯಾಗ ನಿನಗ ಇನ್ನೇನರ ಬೇಕೇನು?”

ಆಯಿಯ ಕೈ ನಿಂತಿತು. ಹಿಟ್ಟು ಹತ್ತಿದ ಕೈಯನ್ನು ಸೊಂಟಕ್ಕೆ ಇಟ್ಟುಕೊಂಡು ಅವಳು ಕಿಟಕಿಯ ಹೊರಗೆ ನೋಡಿದಳು. ಹಂಚಿನ ಮೇಲಿನ ರೊಟ್ಟಿ ಉಬ್ಬಿತು, ಆಮೇಲೆ ಸೀದ ವಾಸನೆ ಬಂತು.

“ತಡಿ” ಎಂದಳು ಆಯಿ. “ವಿಚಾರ ಮಾಡ್ತೀನಿ.”

ವಿಶಾಖಾ ತಾಟು ಹಿಡಿದುಕೊಂಡು, ಅಳ್ಳಾಡದೆ, ಮಾತಾಡದೆ ಕಾದಳು.