ಯಮನಪ್ಪನ ಕುತ್ತಿಗೆ

ಹಮಾಲ ಯಮನಪ್ಪನ ತೊಡೆಗೆ ಬಿಗಿದಿದ್ದ ದಣಿವುಮಾಪಕದಲ್ಲಿ ಹಸಿರು ದೀಪ ಹೊತ್ತಿತು. ಆದರೂ ಅವನು ಸಕ್ಕರೆ ಚೀಲಕ್ಕೆ ಬೆನ್ನು ಕೊಡದೆ, ಗೋಡೆ ಹಿಡಿದುಕೊಂಡು ನಿಂತೇ ಇದ್ದ.

"ನೋಡಿದ್ರೆಲ್ಲ ಮೇಡಂ?" ಎಂದ ಗೋದಾಮಿನ ಮ್ಯಾನೇಜರ್ ಕುಬಸದ. "ಮೈಯಾಗ ಇನ್ನೂ ಅರ್ಧಾ ಶಕ್ತಿ ಐತಿ ಅಂತ ಮಷಿನ್ ಹೇಳಾಕತ್ತೈತಿ. ಇಂವ ಆಗೂದಿಲ್ಲ ಅಂತಾನ. ಕಂಡುಹಿಡದಾವ್ರು ನೀವು. ಇವನ ಮಾರಿ ನೋಡಿ, 'ನೀ ಸುಳ್ಳ ಹೇಳಾಕತ್ತಿ' ಅಂತ ಒಂದ ಮಾತು ಅಂದುಬಿಡ್ರಿ. ಇವತ್ತ ಕೆಲಸದಿಂದ ತಗೀತೀನಿ."

ಇದಕ್ಕಾಗಿ ತನ್ನನ್ನು ಹುಬ್ಬಳ್ಳಿಯವರೆಗೆ ಕರೆಸಿದರೇ ಎಂದು ಡಾ. ವಾರಿಜಾ ಸಾಲಿಮಠ ಅವರ ಮೈ ಉರಿಯಿತು.

ಅವರ ಇಡೀ ವೃತ್ತಿಜೀವನ ಟೈಟಿನ್ ಎಂಬ ಒಂದೇ ಪ್ರೋಟೀನಿನ ಹಿಂದೆ ಸವೆದಿತ್ತು. ದೇಹದ ಪ್ರೋಟೀನುಗಳಲ್ಲೆಲ್ಲ ದೈತ್ಯ ಅದು. ಸ್ನಾಯುವಿನ ಎಳೆಯೊಳಗೆ ಸ್ಪ್ರಿಂಗಿನಂತೆ ಕುಳಿತು, ಹಿಗ್ಗಿದ ಸ್ನಾಯುವನ್ನು ಮತ್ತೆ ಮೊದಲಿನ ಅಳತೆಗೆ ಎಳೆದು ತರುತ್ತದೆ. ಮಿತಿಮೀರಿ ದುಡಿದಾಗ ಕೆಲವು ಸ್ಪ್ರಿಂಗುಗಳು ಹರಿಯುತ್ತವೆ. ವಿಶ್ರಾಂತಿ ಸಿಕ್ಕರೆ ದೇಹ ಹೊಸದನ್ನು ಹೆಣೆದುಕೊಳ್ಳುತ್ತದೆ. ಹರಿದವೆಷ್ಟು, ಉಳಿದವೆಷ್ಟು ಎಂಬುದನ್ನು ಚರ್ಮದ ಮೂಲಕ ಬೆಳಕು ಹಾಯಿಸಿ ಅಳೆಯುವ ವಿಧಾನವನ್ನು ವಾರಿಜಾ ಕಂಡುಹಿಡಿದದ್ದು ಸ್ನಾಯುಕ್ಷಯದ ಮಕ್ಕಳಿಗಾಗಿ, ಅವರ ವ್ಯಾಯಾಮ ಎಲ್ಲಿಗೆ ನಿಲ್ಲಬೇಕೆಂದು ತಿಳಿಯಲು. ಹಕ್ಕು ಕೊಂಡ ಕಂಪನಿ ಅದನ್ನು ಗೋದಾಮುಗಳಿಗೆ ಮಾರಿತು. ಚೀಲ ಎತ್ತುವ ಯಂತ್ರದ ತೋಳುಗಳು ಬಂದು ಎಷ್ಟೋ ಕಾಲವಾಗಿತ್ತು. ಹಮಾಲರ ಬೆನ್ನು ಮಾತ್ರ ಇನ್ನೂ ಅವಕ್ಕಿಂತ ಅಗ್ಗವಾಗಿತ್ತು. 'ಸಾಕು' ಎನ್ನಲು ಹುಟ್ಟಿದ ಯಂತ್ರ ಇಲ್ಲಿ 'ಇನ್ನೂ ಹೊರು' ಎನ್ನುತ್ತಿತ್ತು.

"ಇದನ್ನ ತೊಡಿಗೆ ಯಾಕ ಕಟ್ಟೀರಿ?"

"ನೀವ ಬರದೀರಲ್ರಿ, ತೊಡಿ ಅಂತ."

"ತೊಡ್ಯಾಗ ಮಾಂಸ ಜಾಸ್ತಿ, ಮಾದರಿ ತಗಿಯೂದು ಸುಲಭ. ಅದಕ್ಕ ನಾವೆಲ್ಲಾ ತೊಡೀನ ನೋಡತೀವಿ. ಇವರು ಚೀಲ ತೊಡೀ ಮ್ಯಾಲೆ ಹೊರತಾರೇನು? ಸ್ನಾಯು ಬ್ಯಾರೆ ಆದ್ರ ಅಳತೀನೂ ಬ್ಯಾರೆ ಆಗಬೇಕಂತ ಮಷಿನ್ ಮಾರೂ ಕಂಪನಿಗೆ ಬಡಕೊಂಡೆ. ಯಾರರೆ ಕೇಳಿದ್ರೇನು?"

ವಾರಿಜಾ ಅಲ್ಲೇ ಚೀಲದ ಮೇಲೆ ಕುಳಿತು, ಲ್ಯಾಪ್‌ಟಾಪಿನಲ್ಲಿದ್ದ ಕುತ್ತಿಗೆಯ ಸ್ನಾಯುಗಳ ಅಳತೆಗಳನ್ನು ಮಾಪಕಕ್ಕೆ ತುಂಬಿದರು. ಯಮನಪ್ಪನ ಕುತ್ತಿಗೆಯ ಹಿಂದೆ ಹಚ್ಚಿದರು. ದೀಪ ಕೆಂಪಗಾಯಿತು.

"ಸುಳ್ಳ ಹೇಳಾವ್ರು ನೀವು, ಇಂವಲ್ಲ!" ಅವರ ಕೂಗಿಗೆ ಲಾರಿಯ ಮೇಲಿದ್ದವರೂ ತಿರುಗಿ ನೋಡಿದರು. ಅದೇ ವಾರ, ಅವರು ಕೊಟ್ಟ ದೂರಿನ ಮೇಲೆ, ಕಾರ್ಮಿಕ ಅಧಿಕಾರಿಯ ಆದೇಶ ಬಂತು: ಮಾಪಕವನ್ನು ಕುತ್ತಿಗೆಗೇ ಹಚ್ಚಬೇಕು; ಕೆಂಪು ದೀಪ ಬಂದವರಿಗೆ ವಿಶ್ರಾಂತಿ ಕೊಡಬೇಕು; ದೀಪ ಕೆಂಪಾಗದ ಹೊರತು ಯಾರನ್ನೂ ಕೆಲಸದಿಂದ ದೂರ ಇಡಬಾರದು.

ಮಳೆಗಾಲ ಮುಗಿದ ಮೇಲೆ ವಾರಿಜಾ ಮತ್ತೆ ಬಂದಾಗ ಯಮನಪ್ಪ ಗೇಟಿನ ಹೊರಗೆ ಚಹಾ ಗಾಡಿಯ ಬಳಿ ಕುಳಿತಿದ್ದ. ಏಳಲಿಲ್ಲ.

"ಕುತಗಿ ಹೆಂಗೈತಿ ಯಮನಪ್ಪ?"

"ಕುತಗಿಗೇನ್ರಿ ಮೇಡಂ, ಭಾಳ ಆರಾಮ. ಮನ್ಯಾಗ ಕುಂತೈತಿ."

"ವಿಶ್ರಾಂತಿ ಕೊಡಬೇಕಂತ ಆದೇಶ ಐತೆಲ್ಲ?"

"ಕೊಟ್ಟಾರಲ್ರಿ. ಕಾಯಂ ಕೊಟ್ಟಾರ." ಅವನು ಗ್ಲಾಸು ಕೆಳಗಿಟ್ಟ. "ನಲವತ್ತ ದಾಟಿದ ಹಮಾಲನ ಕುತಗಿ ಯಾವತ್ತ ಹಸರ ಇರತೈತ್ರಿ? ನಿಮ್ಮ ಹಸರ ದೀಪ ನನ್ನೊಬ್ಬನ್ನ ತಗೀತಿತ್ತು. ಕೆಂಪ ದೀಪ ಅರ್ಧಾ ಗ್ಯಾಂಗನ್ನ ತಗೀತು."

ವಾರಿಜಾ ಬಾಯಿ ತೆರೆದರು. ಅವನು ಬಿಡಲಿಲ್ಲ.

"ಈ ಮಷಿನ್ ಬರೂಕಿಂತ ಮೊದಲ ನಮ್ಮೊಳಗ ಒಂದ ಪದ್ಧತಿ ಇತ್ರಿ. ಕುತಗಿ ಹಿಡಕೊಂಡು ನೋಯೂವಾಂವ ಲಾರಿ ಮ್ಯಾಲೆ ನಿಂತು ಚೀಲಾ ದಾಟಸಾಂವ. ಹೊರಾವ್ರು ಬ್ಯಾರೆಯವ್ರು. ಪಗಾರ ಎಲ್ಲಾರಿಗೂ ಸಮ. ಯಾರು ದಣದಾರ ಅಂಬೂದು ಗ್ಯಾಂಗಿಗೆ ಗೊತ್ತಿತ್ತು, ಮಾಲಕಗ ಗೊತ್ತಿರಲಿಲ್ಲ. ಹಂಗ ನಾವು ಮುದುಕರಾಗೂತನ ದುಡೀತಿದ್ವಿ."

"ನಾ ಇದ್ದದ್ದನ್ನ ತೋರಿಸಿದೆ, ಯಮನಪ್ಪ."

"ಹೌದ್ರಿ. ಆದ್ರ ಯಾರಿಗೆ ತೋರಿಸಿದ್ರಿ?"

ವಾರಿಜಾ ಅವರ ಸಿಟ್ಟು ಹಾಗೇ ಇತ್ತು. ಈ ಸಲ ಅದು ತಮ್ಮ ಮೇಲೂ ಇತ್ತು. ಮಾಪಕವನ್ನು ತಿದ್ದುವ ಹಕ್ಕು ಕಂಪನಿಯೊಂದಿಗಿನ ಒಪ್ಪಂದದ ಪ್ರಕಾರ ಇನ್ನೂ ಅವರದೇ. ವಾರಿಜಾ ನೇರ ಒಳಗೆ ನಡೆದರು, ಹಿಂದೆಯೇ ಯಮನಪ್ಪ. ಅವರು ಲ್ಯಾಪ್‌ಟಾಪಿನಲ್ಲಿ ತಿದ್ದಿ ಮುಗಿಸುವ ಹೊತ್ತಿಗೆ ಗೋದಾಮಿನ ಮಾಪಕಗಳ ದೀಪಗಳೆಲ್ಲ ಆರಿದ್ದವು.

ಕುಬಸದ ಓಡಿ ಬಂದ. "ಮೇಡಂ, ಒಂದೂ ದೀಪ ಹತ್ತವಲ್ದು!"

"ಇನ್ನ ಹತ್ತೂದಿಲ್ಲ. ಹಚ್ಚಿಕೊಂಡಾಂವ ದಣದಾಗ ಮಷಿನ್ ಸಣ್ಣಗ ನಡುಗಿ ಅವನ ಚರ್ಮಕ್ಕ ತಿಳಸತೈತಿ. ಅವಗ ಅಷ್ಟ."

"ಕೆಂಪ ದೀಪ ಇಲ್ಲಂದ್ರ ಯಾರನ್ನೂ ಹೊರಗ ಹಾಕೂಹಂಗಿಲ್ಲ, ಹಾಕಿದವ್ರನ್ನೂ ಒಳಗ ತಗೋಬೇಕು! ಯಾರು ದಣದಾರ ಅಂತ ನನಗ ಹೆಂಗ ಗೊತ್ತಾಗಬೇಕ್ರಿ?"

"ಬಾಯಿ ಐತೆಲ್ಲ? ಕೇಳ್ರಿ."

ಕುಬಸದ ಹಲ್ಲು ಕಚ್ಚಿದ. ಹೊರಗೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಕೊನೆಗೆ, ಈ ಮಾತನ್ನು ಹಿಂದೆಂದೂ ಆಡಿ ಅಭ್ಯಾಸವಿಲ್ಲದವನಂತೆ ತಡವರಿಸಿ, "ಯಮನಪ್ಪಾ... ದಣದೀಯೇನಪಾ?" ಎಂದ.

ಯಮನಪ್ಪ ಹೆಗಲ ಮೇಲಿನ ಟವೆಲ್ಲನ್ನು ನಿಧಾನವಾಗಿ ಕೊಡವಿದ.

"ತಡೀರಿ ಸಾಹೇಬ್ರ. ಗ್ಯಾಂಗಿನವ್ರನ್ನ ಕೇಳಿ ಹೇಳತೀನಿ."