ನೋಟಿಸಿನ ತಾರೀಕು

2025ರ ಫೆಬ್ರವರಿ 17, ಸೋಮವಾರ, ಬೆಳಗ್ಗೆ 9 ಗಂಟೆ 40 ನಿಮಿಷ. ನರಸಿಂಹರಾಜಪುರ ಠಾಣೆಗೆ ಬಸವಮ್ಮ ಬಂದರು. ಬಸ್ ನಿಲ್ದಾಣದ ಹಿಂದೆ ಪಂಪ್‌ಸೆಟ್, ಪೈಪುಗಳ ಅಂಗಡಿ ನಡೆಸುವ ಐವತ್ತರ ಹೆಂಗಸು. ಗಂಡ ತೀರಿಹೋಗಿ ಆರು ವರ್ಷ. ಜೊತೆಯಲ್ಲಿ ಗುಮಾಸ್ತ ಸೋಮನಾಥ್, ಇಪ್ಪತ್ತೆರಡು ವರ್ಷದಿಂದ ಅದೇ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಭಾನುವಾರ ರಜೆಯ ದಿನ ಯಾರೋ ಹಿಂಬಾಗಿಲಿನಿಂದ ನುಗ್ಗಿ ಒಂಬತ್ತು ಬಾಕ್ಸ್ ಫೈಲು ಕದ್ದಿದ್ದಾರೆಂದು ದೂರು.

"ದುಡ್ಡು?" ಸಬ್ ಇನ್‌ಸ್ಪೆಕ್ಟರ್ ಪ್ರಸನ್ನಕುಮಾರ್ ಕೇಳಿದರು.

"ಮುಟ್ಟಿಲ್ಲ ಸಾರ್. ಗಲ್ಲಾ ಹಂಗೇ ಇದೆ," ಎಂದರು ಬಸವಮ್ಮ.

"ಫೈಲಲ್ಲಿ ಎಂತ ಇತ್ತು?"

ಉತ್ತರ ಕೊಟ್ಟವರು ಸೋಮನಾಥ್. "2020-21ರ ಬಿಲ್ಲುಗಳು ಸಾರ್. ಆ ಒಂದು ವರ್ಷದ್ದು ಮಾತ್ರ."

ಗಲ್ಲಾ ಬಿಟ್ಟು ಹಳೇ ಬಿಲ್ಲು ಹೊತ್ತುಕೊಂಡು ಹೋದ ಮಹಾನುಭಾವ. ಪ್ರಸನ್ನಕುಮಾರ್ ತಮ್ಮ ಸರ್ವೀಸಿನಲ್ಲಿ ಮೋಟಾರು ಕದ್ದವರನ್ನು, ಮೆಣಸು ಕದ್ದವರನ್ನು, ಒಮ್ಮೆ ಹಾಲಿನ ಡೇರಿಯ ತಕ್ಕಡಿಯನ್ನೇ ಎತ್ತಿದವನನ್ನು ಹಿಡಿದಿದ್ದರು. ಇಂಥವನು ಸಿಕ್ಕಿರಲಿಲ್ಲ. ಎಫ್‌ಐಆರ್ ದಾಖಲಾಯಿತು. ಎದ್ದು ಹೊರಡುವಾಗ ಸೋಮನಾಥ್, "ಎಫ್‌ಐಆರ್ ಪ್ರತಿ ಎರಡು ಬೇಕಿತ್ತು ಸಾರ್, ಸೀಲು ಹಾಕಿ," ಎಂದರು. ಪ್ರಸನ್ನಕುಮಾರ್ ಒಂದನ್ನು ಬಸವಮ್ಮನ ಕೈಗೆ ಕೊಟ್ಟು, ಇನ್ನೊಂದು ಆಮೇಲೆ ನೋಡೋಣ ಅಂದರು.

11 ಗಂಟೆ 15ಕ್ಕೆ ಸ್ಥಳ ಪಂಚನಾಮೆ. ಹಿಂಬಾಗಿಲ ಚಿಲಕವನ್ನು ಯಾರೂ ಒಡೆದಿರಲಿಲ್ಲ, ಸ್ಕ್ರೂ ಬಿಚ್ಚಿ ತೆಗೆದಿದ್ದರು, ಅದೂ ಒಳಗಡೆಯಿಂದ. ಬಿಚ್ಚಿದ ನಾಲ್ಕು ಸ್ಕ್ರೂಗಳು ಕಿಟಕಿಯ ಮೇಲೆ ಒಂದು ಕಾಗದದ ಪೊಟ್ಟಣದಲ್ಲಿದ್ದವು. ಕಾನ್‌ಸ್ಟೆಬಲ್ ಶಿಲ್ಪಶ್ರೀ ಪೊಟ್ಟಣ ಬಿಚ್ಚಿ ನೋಡಿ, ಅದೇ ಮಡಿಕೆಗಳ ಮೇಲೆ ಮತ್ತೆ ಮಡಿಸಿದರು. ಈ ಅಂಗಡಿಯಲ್ಲಿ ಬಿಡಿ ಸ್ಕ್ರೂ ಕೊಂಡವರಿಗೆ ಹೀಗೇ ಕಟ್ಟಿಕೊಡುತ್ತಾರೆಂದು ಅವರಿಗೆ ಗೊತ್ತಿತ್ತು.

"ಕದಿಯಕ್ಕೆ ಬಂದೋನು ಸ್ಕ್ರೂ ಕಳೀಬಾರದು ಅಂತ ಕಟ್ಟಿಟ್ಟು ಹೋಗಿದ್ದಾನೆ ಸಾರ್," ಎಂದರು.

ಮಧ್ಯಾಹ್ನ ಸೋಮನಾಥರನ್ನು ಒಬ್ಬರನ್ನೇ ಕೂರಿಸಿಕೊಂಡು ಕೇಳಿದ್ದಾಯಿತು.

"ಎರಡನೇ ಪ್ರತಿ ಯಾರಿಗೆ?"

"ತೆರಿಗೆ ಆಫೀಸಿಗೆ. ಆ ವರ್ಷದ್ದಕ್ಕೆ ನೋಟಿಸ್ ಬಂದಿದೆ. 20ಕ್ಕೆ ವಿಚಾರಣೆ. ಕಾಗದ ಕಳುವಾಗಿದೆ ಅಂದ್ರೆ ಟೈಮ್ ಕೊಡ್ತಾರೆ."

"ಕೊಟ್ರೆ?"

"28ಕ್ಕೆ ಅವರ ಅವಧಿ ಮುಗೀತದೆ. ಆಮೇಲೆ ಆ ವರ್ಷದ ತೆರಿಗೆ ನಿಗದಿ ಮಾಡಕ್ಕೆ ಕಾನೂನಲ್ಲಿ ಬರಲ್ಲ."

"ಹಂಗಾದ್ರೆ ಕಳ್ಳ ನಿಮಗೆ ಉಪಕಾರವೇ ಮಾಡಿದ. ಬಸವಮ್ಮನೋರಿಗೆ ನೋಟಿಸಿನ ವಿಷಯ ಗೊತ್ತಾ?"

ಸೋಮನಾಥ್ ಕೈಯನ್ನು ಮೇಜಿನಿಂದ ಕೆಳಗಿಳಿಸಿಕೊಂಡರು. "ಅವರಿಗೆ ಹೇಳಿಲ್ಲ."

19ರ ಬುಧವಾರ ಬೆಳಗ್ಗೆ 11ಕ್ಕೆ ಪ್ರಸನ್ನಕುಮಾರ್ ಕೊಪ್ಪಕ್ಕೆ ಹೋದರು. ಅಂಗಡಿಯ ತೆರಿಗೆ ಕೆಲಸ ನೋಡುವ ಸಲಹೆಗಾರ ಯಜ್ಞೇಶನ ಕಚೇರಿ ಅಲ್ಲಿತ್ತು. ಈ ಕಡೆಯ ಹೆಚ್ಚಿನ ಅಂಗಡಿಯವರ ಹಾಗೆ ಬಸವಮ್ಮನ ಗಂಡನೂ ತೆರಿಗೆ ನೋಂದಣಿಗೆ ಸಲಹೆಗಾರನ ಮೊಬೈಲ್ ನಂಬರನ್ನೇ ಕೊಟ್ಟು ನಿಶ್ಚಿಂತರಾಗಿದ್ದರು.

"ನೋಟಿಸು ನನ್ನ ಫೋನಿಗೆ ಬಂತು. ಪ್ರಿಂಟ್ ತೆಗೆದು ಕವರಿಗೆ ಹಾಕಿ ಬಸ್ಸಿನ ಕಂಡಕ್ಟರ್ ಹತ್ರ ಕೊಟ್ಟು ಕಳಿಸಿದೆ. ಯಾವಾಗಲೂ ಹಾಗೇ. ಸೋಮನಾಥ್ ಬಸ್‌ಸ್ಟ್ಯಾಂಡಲ್ಲಿ ನಿಂತು ತಗೊಳ್ತಾರೆ. ಬಂದು ಮಾತಾಡಿ ಅಂತ ಚೀಟಿ ಇಟ್ಟಿದ್ದೆ, ಬರಲಿಲ್ಲ."

"ಅದರಲ್ಲಿ ಎಂತ ಇದೆ?"

"ಲಾಕ್‌ಡೌನ್ ವರ್ಷ ಮಾರಾಯ್ರೇ. ಮೂರು ತಿಂಗಳ ಖರೀದಿ ಒಟ್ಟಿಗೆ ಬರೆಯುವಾಗ ಸೋಮನಾಥ್ ಎರಡು ಸಲ ಬರೆದಿದ್ದಾರೆ, ಖರೀದಿಗೆ ಕೊಟ್ಟ ತೆರಿಗೆಯನ್ನ ಎರಡು ಸಲ ಕಳೆದ ಹಾಗಾಗಿದೆ. ಬಡ್ಡಿ, ದಂಡ ಎಲ್ಲ ಸೇರಿ ಹನ್ನೊಂದು ಲಕ್ಷ. ಕಟ್ಟಬೇಕು ಅಂದ್ರೆ ಅಂಗಡಿ ಬಾಗಿಲು ಹಾಕಬೇಕು."

ಯಜ್ಞೇಶ ಪ್ರತಿ ತೆಗೆದು ಮೇಜಿನ ಮೇಲಿಟ್ಟ. ಮೇಲಿನ ಸಾಲು ಓದಿದವನು ಬೆರಳು ಮಡಿಸಿ ಎಣಿಸಿದ. ಇನ್ನೊಮ್ಮೆ ಎಣಿಸಿದ.

"ಏನು?"

"ಬರೆಯುವಾಗ ಆದ ತಪ್ಪಾದ್ರೆ ತೆರಿಗೆ ಆಫೀಸಿನವರಿಗೆ ಆ ವರ್ಷದ ರಿಟರ್ನಿನ ಗಡುವಿನಿಂದ ಮೂರು ವರ್ಷ ಸಾರ್. ಆದೇಶಕ್ಕೆ ಈ 28 ಕೊನೇ ದಿನ, ಅದು ಸರಿ. ಆದ್ರೆ ಅದಕ್ಕೆ ಮೂರು ತಿಂಗಳು ಮೊದಲೇ ನೋಟಿಸು ಕೊಟ್ಟಿರಬೇಕು. ನವೆಂಬರ್ ಒಳಗೆ. ಇದರ ತಾರೀಕು ಡಿಸೆಂಬರ್ 9." ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ನೋಟಿಸೇ ಅವಧಿ ಮೀರಿದ್ದು. ಒಂದು ಪುಟದ ಉತ್ತರ ಬರೆದಿದ್ರೆ ಮುಗೀತಿತ್ತು. ನಲವತ್ತು ಫೈಲಿನ ಮಧ್ಯೆ ನಾನೂ ತಾರೀಕು ನೋಡಲಿಲ್ಲ."

"ನಾಳೆ ಅದನ್ನೇ ಬರೆದು ಕೊಡಿ."

"ಕೊಡ್ತೇನೆ. ಆದ್ರೆ ಬೇಕು ಅಂತಲೇ ಮುಚ್ಚಿಟ್ಟಿದ್ದಾರೆ ಅಂತಾದ್ರೆ ಕತೆ ಬೇರೆ. ಮೋಸಕ್ಕೆ ಐದು ವರ್ಷದ ಅವಧಿ. ಹೊಸ ನೋಟಿಸು ಕೊಡಬಹುದು. ಈ ಫೈಲುಗಳನ್ನು ತೆರಿಗೆ ತಪ್ಪಿಸಕ್ಕೇ ಕದ್ದದ್ದು ಅಂತ ನಿಮ್ಮ ರಿಪೋರ್ಟಲ್ಲಿ ಬಂದ್ರೆ ಅವರಿಗೆ ಅಷ್ಟೇ ಸಾಕು."

ಅದೇ ದಿನ ಮೂರು ಗಂಟೆಗೆ ಇಬ್ಬರು ಪಂಚರೊಂದಿಗೆ ಪೊಲೀಸರು ಸೋಮನಾಥರ ಮನೆಗೆ ಹೋದರು. ಮದುವೆಯಾಗದ ಆಸಾಮಿ. ಮನೆಯಲ್ಲಿ ಅಕ್ಕ, ಊರವರಿಗೆಲ್ಲ ಚಿಕ್ಕಕ್ಕ. ಸೋಮನಾಥ್ ಆಗ ಅಂಗಡಿಯಲ್ಲಿದ್ದರು. ಆಕೆ ಬಂದವರಿಗೆ ಕಾಫಿ ಇಟ್ಟಳು.

"ಭಾನುವಾರ ನಿಮ್ಮ ತಮ್ಮ ಮನೇಲೇ ಇದ್ರಾ?" ಶಿಲ್ಪಶ್ರೀ ಕೇಳಿದರು.

"ಬೆಳಗ್ಗೆ ಎಲ್ಲಿಗೋ ಹೋಗಿದ್ದ. ಬಂದೋನು ಮಧ್ಯಾಹ್ನ ಬಚ್ಚಲೊಲೆಗೆ ಬೆಂಕಿ ಹಾಕಿದ. ಮಧ್ಯಾಹ್ನ ಯಾರಮ್ಮ ನೀರು ಕಾಯಿಸ್ತಾರೆ? ಹಂಡೆ ನೀರು ಕೊತಕೊತ ಕುದೀತಿತ್ತು. ಕೇಳಿದ್ರೆ ಮೈಕೈ ನೋವು ಅಂದ. ಸ್ನಾನ ಮಾಡಲೇ ಇಲ್ಲ." ತಮ್ಮನನ್ನು ಪೊಲೀಸರ ಕೈಗೆ ಕೊಡುತ್ತಿದ್ದೇನೆಂದು ಆಕೆಗೆ ಎಲ್ಲಿ ಗೊತ್ತಾಗಬೇಕು. ಸಕ್ಕರೆ ಸಾಕಾ ಅಂತ ಕೇಳಿದಳು.

ಬಚ್ಚಲೊಲೆಯ ಬೂದಿಯಲ್ಲಿ ಬಾಕ್ಸ್ ಫೈಲಿನ ಕಬ್ಬಿಣದ ಕ್ಲಿಪ್ಪುಗಳು ಸಿಕ್ಕವು. ಒಂಬತ್ತು. ಪಂಚನಾಮೆ ಬರೆದು ಜಪ್ತಿ ಮಾಡಲಾಯಿತು. 4 ಗಂಟೆ 50ಕ್ಕೆ ಅಂಗಡಿಯಲ್ಲಿ ಸೋಮನಾಥರ ದಸ್ತಗಿರಿ. ಅವರು ಪೆನ್ನಿನ ಮುಚ್ಚಳ ಹಾಕಿ ಎದ್ದು ಬಂದರು.

ಠಾಣೆಯಲ್ಲಿ ಪ್ರಸನ್ನಕುಮಾರ್ ನೋಟಿಸಿನ ವಿಷಯ ಪೂರ್ತಿ ಹೇಳಿದರು. ಮೊದಲು ಡಿಸೆಂಬರ್ 9, ಆಮೇಲೆ ಐದು ವರ್ಷದ ಮಾತು. ಹೇಳಬಾರದಿತ್ತು ಅಂತ ಹೇಳಿದ ಮೇಲೆ ಅನ್ನಿಸಿತು. ಬಸವಮ್ಮನಿಗೆ ಯಾಕೆ ಹೇಳಲಿಲ್ಲ ಎಂದು ಸೋಮನಾಥರನ್ನು ಕೇಳಿದರು.

"ತಪ್ಪು ನಂದು ಅಂತ ಗೊತ್ತಾಗ್ತದಲ್ಲ ಸಾರ್, ಅದಕ್ಕೆ. ಅಮ್ಮ ಒಂದು ದಿನಾನೂ ನನ್ನ ಲೆಕ್ಕ ತಿರುಗಿ ನೋಡಿದೋರಲ್ಲ. ಯಾವ ಮುಖ ಇಟ್ಕೊಂಡು ಹೇಳಲಿ?" ಆಮೇಲೆ ನೇರ ಕೂತರು. "ಹೇಳಿಕೆ ಬರ್ಕೊಳ್ಳಿ. ಯಜಮಾನ್ರು ಹೋದ ಮೇಲೆ ಹೆಂಗಸಿನ ಕೈಕೆಳಗೆ ಕೆಲಸ ಮಾಡಕ್ಕೆ ನಂಗೆ ಅವಮಾನ ಆಗ್ತಿತ್ತು. ಆ ದ್ವೇಷಕ್ಕೆ, ಅವರಿಗೆ ತೊಂದರೆ ಆಗ್ಲಿ ಅಂತ ಕೈಗೆ ಸಿಕ್ಕ ಫೈಲು ಸುಟ್ಟೆ."

"ಇದು ಸುಳ್ಳು. ತೆರಿಗೆಯ ಮಾತೇ ಇಲ್ಲ ಇದರಲ್ಲಿ."

"ನಾನು ಹೇಳಿದ್ದನ್ನ ಬರೆಯೋದಲ್ವಾ ಸಾರ್ ಕಾನೂನು?"

ಪ್ರಸನ್ನಕುಮಾರ್ ಪೆನ್ನು ಹಿಡಿದುಕೊಂಡೇ ಕೂತರು. ಕೊನೆಗೆ ಸೋಮನಾಥ್ ಹೇಳಿದಂತೆಯೇ ಬರೆದರು, ಅಕ್ಷರ ಬದಲಿಸಲಿಲ್ಲ. ಸೋಮನಾಥ್ ಓದಿ ಒಂದು ಕಡೆ ಬಿಟ್ಟುಹೋಗಿದ್ದ ತಾರೀಕು ಸೇರಿಸಿ ಸಹಿ ಹಾಕಿದರು.

ಆರು ಗಂಟೆಗೆ ಬಸವಮ್ಮ ಓಡಿ ಬಂದರು. ಕೇಸು ವಾಪಸು ತಗೊಳ್ತೇನೆ, ಸೋಮಣ್ಣ ಅಂಥೋರಲ್ಲ ಅಂತ ಬಾಗಿಲಿನಿಂದಲೇ ಹೇಳುತ್ತ ಬಂದರು. ರಾಜಿ ಕೋರ್ಟಿನಲ್ಲಿ ನೋಡಬೇಕು, ಎಫ್‌ಐಆರ್ ಹರಿಯಕ್ಕೆ ತನಗೆ ಬರಲ್ಲ ಎಂದು ಪ್ರಸನ್ನಕುಮಾರ್ ಹೇಳಿದರು. ಯಾಕೆ ಮಾಡಿದ್ರು ಅಂತ ಕೇಳಿದಾಗ ಹೇಳಿಕೆಯನ್ನು ಅವರ ಮುಂದಿಟ್ಟರು.

ಬಸವಮ್ಮ ನಿಂತೇ ಓದಿದರು.

"ಹೆಂಗಸಿನ ಕೈಕೆಳಗೆ ಅಂತ ಬರೆದಿದೆ. ನಿಜವಾ ಸೋಮಣ್ಣ?"

"ಹೌದಮ್ಮ."

"ಆರು ವರ್ಷ ಹಂಗೇ ಅನ್ನಿಸ್ತಿತ್ತಾ?"

"ಅನ್ನಿಸ್ತಿತ್ತು."

ಬಸವಮ್ಮ ಕಾಗದ ಮೇಜಿನ ಮೇಲಿಟ್ಟರು. ಮತ್ತೆ ಸೋಮನಾಥರ ಕಡೆ ನೋಡಲಿಲ್ಲ. ಇನ್ನು ಇವರನ್ನು ಬಿಡಿಸಿ ಅಂತ ಕೇಳಕ್ಕೆ ಬರಲ್ಲ ಸಾರ್ ಎಂದು ಹೇಳಿ, ಮೆಟ್ಟಿಲಿಳಿದು ಹೋದರು.